ಸಾಸಿವೆ ಕಾಳಿನಷ್ಟು ಕೆಂಪು

ಹಾಲೆಂಡಿನಿಂದ ಬಂದು ಮೂರು ವಾರವಾಯಿತು. ಬಸವೇಶ್ವರನಗರದ ಪಾರ್ಕಿನಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುವ ಗೆಳೆಯರು ಗಾಳಿಯಂತ್ರ ನೋಡಿದಿರಾ, ಟುಲಿಪ್ ತೋಟ ನೋಡಿದಿರಾ ಎಂದು ಕೇಳುತ್ತಲೇ ಇದ್ದಾರೆ. ಗಾಳಿಯಂತ್ರ ರೈಲಿನ ಕಿಟಕಿಯಿಂದ ಒಂದು ಕಂಡಿತು, ಅದು ತಿರುಗುತ್ತಿರಲಿಲ್ಲ. ಹೂವಿನ ಕಾಲ ಮುಗಿದಿತ್ತು. ನಾವು ಹೋದದ್ದು ಒಂದು ಚಿತ್ರವನ್ನು ನೋಡಲು. ಆ ಚಿತ್ರದ ಮುಂದೆ ಒಂದು ಘಟನೆ ನಡೆಯಿತು. ಹತ್ತಿರವಿದ್ದ ಸಾಕ್ಷಿ ನಾನೊಬ್ಬನೇ. ನೋಡಬೇಕಾದ ಕ್ಷಣದಲ್ಲಿ ನಾನು ನೋಡಲಿಲ್ಲ. ಆದ್ದರಿಂದ ನಿಧಾನವಾಗಿ, ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಾವೆಂದರೆ ನಾನು ಮತ್ತು ನನ್ನ ಅಕ್ಕ ಸರೋಜ. ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಸ್ವಿಚ್ ಬೋರ್ಡಿನ ಕಬ್ಬಿಣದ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯಲ್ಲಿ ಬಣ್ಣದ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಬಣ್ಣ ಹೊಡೆದ ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ದೀಪದ ಕೆಳಗಿಟ್ಟು, ಪಕ್ಕದಲ್ಲಿ ಬಣ್ಣದ ಮಾದರಿಯಿರುವ ಶೇಡ್ ಕಾರ್ಡ್ ಹಿಡಿದು, ಸರಿಯಿದ್ದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್ ಎಂದು ಬರೆಯುವುದು ನನ್ನ ಕೆಲಸ. ಮೇಲಿನ ಎಡ ಮೂಲೆಯಿಂದ ಶುರುಮಾಡಿ ಸಾಲುಸಾಲಾಗಿ ಕೆಳಗಿಳಿಯಬೇಕು. ಕಣ್ಣು ಹಾಯದ ಜಾಗವನ್ನು ಪಾಸ್ ಮಾಡಬಾರದು. ಕೆಲಸ ಬಿಟ್ಟರೂ ಈ ಅಭ್ಯಾಸ ಬಿಟ್ಟಿಲ್ಲ. ಹೋಟೆಲಿನ ಲೋಟವನ್ನೂ ಹಾಗೆಯೇ ನೋಡುತ್ತೇನೆ.

ಅಕ್ಕ ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಈಗ ಚಂದ್ರಾ ಲೇಔಟ್‌ನಲ್ಲಿ ಇರುತ್ತಾಳೆ. ಅವಳ ತರಗತಿಯ ಗೋಡೆಯ ಮೇಲೆ ಹಳೆಯ ವಿದೇಶಿ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರ ವರ್ಷಗಟ್ಟಲೆ ಇತ್ತು. ಬಿಳಿ ಹಿನ್ನೆಲೆ, ಅಡ್ಡ ಉದ್ದ ಕಪ್ಪು ಗೆರೆಗಳು, ಮೇಲೆ ಒಂದು ಕೆಂಪು ಚೌಕ, ಕೆಳಗೆ ಬಲಕ್ಕೆ ಒಂದು ಸಣ್ಣ ನೀಲಿ. ಬಿಸಿಲಿಗೆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಮ್ಮೆ ಅವಳ ಶಾಲೆಗೆ ಹೋಗಿದ್ದಾಗ ಬಾಗಿಲಲ್ಲಿ ನಿಂತಿದ್ದೆ, ಒಬ್ಬ ಹುಡುಗ ಅವಳನ್ನು ಕೇಳುತ್ತಿದ್ದದ್ದು ಕಿವಿಗೆ ಬಿತ್ತು.

“ಮಿಸ್, ಇದು ಕಿಟಕಿನಾ?”

“ಅಲ್ಲ.”

“ಲೇಔಟ್ ಪ್ಲಾನಾ ಮಿಸ್? ನಮ್ಮಪ್ಪನ ಹತ್ರ ಹಿಂಗೇ ಒಂದಿದೆ, ಸೈಟಿಂದು.”

“ಅಲ್ವೋ.”

“ಮತ್ತೇನು ಮಿಸ್?”

“ಏನೂ ಅಲ್ಲ ಕಣೋ. ಸುಮ್ನೆ ನೋಡು.”

ಆಗಲೇ ನನಗೆ ಅನುಮಾನ ಬಂದಿತ್ತು. ಏನೂ ಅಲ್ಲದ್ದನ್ನು ಮಕ್ಕಳಿಗೆ ಏಕೆ ತೋರಿಸಬೇಕು? ಅದನ್ನು ಬರೆದವನು ಜಗತ್ತನ್ನೇ ಮೋಸ ಮಾಡಿದ್ದಾನೆ, ನಮ್ಮ ಅಕ್ಕ ಅದಕ್ಕೆ ಸಿಕ್ಕಿಬಿದ್ದಿದ್ದಾಳೆ ಎಂದುಕೊಂಡಿದ್ದೆ.

ಚಿತ್ರಕಾರರ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವುಗಳ ಉಚ್ಚಾರ ನನಗೆ ಖಚಿತವಿಲ್ಲ. ಅಕ್ಕ ತರಗತಿಯಲ್ಲಿ ಮಕ್ಕಳಿಗಾಗಿ ಇಟ್ಟಿದ್ದ ಹೆಸರುಗಳೇ ನನಗೆ ಸಾಕು: ಚೌಕದ ಮೇಷ್ಟ್ರು, ಚೆಲ್ಲೋ ಮೇಷ್ಟ್ರು, ಮೋಡದ ಮೇಷ್ಟ್ರು. ಊರಿನ ಹೆಸರು, ಸಂಗ್ರಹಾಲಯದ ಹೆಸರು ಕೂಡ ಬೇಡ. ಆಮೇಲೆ ನಡೆದದ್ದರ ದೃಷ್ಟಿಯಿಂದ ಅದು ಸರಿಯಲ್ಲ.

ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಗಾಜಿನ ಹಿಂದಿನಿಂದ ಏಕೆ ಬಂದಿರಿ ಎಂದು ಕೇಳಿದ. ಅಕ್ಕ ಇಂಗ್ಲಿಷಿನಲ್ಲಿ, ಒಂದು ಚಿತ್ರ ನೋಡುವುದಕ್ಕೆ ಎಂದಳು.

“ಒಂದೇ?”

“ಒಂದೇ.”

ಅವನು ಅವಳ ಮುಖವನ್ನೂ ಪಾಸ್‌ಪೋರ್ಟನ್ನೂ ಎರಡು ಸಲ ನೋಡಿದ. ಇಷ್ಟು ದೂರ ಒಂದೇ ಚಿತ್ರಕ್ಕಾಗಿ ಯಾರೂ ಬರುವುದಿಲ್ಲವೆಂದು ಅವನಿಗೆ ಗೊತ್ತಿದ್ದಂತಿತ್ತು. ಆಮೇಲೆ ನನ್ನ ಕಡೆ ತಿರುಗಿ ನೀವೂ ಅದಕ್ಕೇ ಬಂದಿರಾ ಎಂದ. ನಾನು, ಇಲ್ಲ, ಇವರ ಜೊತೆಗೆ ಎಂದೆ. ಅದು ನಿಜವಾಗಿತ್ತು. ಮುದ್ರೆ ಒತ್ತಿ ಕಳಿಸಿದ. ಆದರೆ ನಾವು ತಿರುವಿನಲ್ಲಿ ಮರೆಯಾಗುವವರೆಗೆ ಅವನು ನಮ್ಮನ್ನೇ ನೋಡುತ್ತಿದ್ದ. ನಾನೂ ತಿರುಗಿ ನೋಡಿದ್ದರಿಂದ ಇದು ಗೊತ್ತಾಯಿತು.

ಪರದೆಯಿಲ್ಲದ ಬೀದಿ

ನಾವು ಉಳಿದುಕೊಂಡದ್ದು ಮಂಜುಳಾ ಮನೆಯಲ್ಲಿ. ಮಂಜುಳಾ ಬಾಪೂಜಿ ನಗರದ ಹುಡುಗಿ, ಅಕ್ಕನ ಹಳೆಯ ವಿದ್ಯಾರ್ಥಿನಿ. ಈಗ ಆ ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಳೆದ ಶತಮಾನದ ಅಮೂರ್ತ ಚಿತ್ರಕಾರರ ದೊಡ್ಡ ಪ್ರದರ್ಶನ ನಡೆಯುತ್ತಿದೆ, ಕ್ಯಾಲೆಂಡರಿನ ಚಿತ್ರವೂ ಅದರಲ್ಲಿದೆ ಎಂದು ಫೋನಿನಲ್ಲಿ ಹೇಳಿ, “ಮಿಸ್, ಈ ಸಲ ಬರ್ಲಿಲ್ಲ ಅಂದ್ರೆ ನಿಮ್ ಜೊತೆ ಮಾತಾಡಲ್ಲ” ಎಂದು ಹಟ ಹಿಡಿದು ಕರೆಸಿಕೊಂಡವಳು ಅವಳೇ.

ಅವಳ ಬೀದಿಯಲ್ಲಿ ಒಂದು ವಿಚಿತ್ರ ಕಂಡೆ. ನೆಲಮಹಡಿಯ ಕಿಟಕಿಗಳು ಆಳೆತ್ತರ, ಆದರೆ ಯಾವುದಕ್ಕೂ ಪರದೆಯಿಲ್ಲ, ಗ್ರಿಲ್ ಕೂಡ ಇಲ್ಲ. ಫುಟ್‌ಪಾತಿನಲ್ಲಿ ಹೋಗುವಾಗ ಒಳಗಿನ ಸೋಫಾ, ಗಿಡದ ಕುಂಡ, ಊಟ ಮಾಡುತ್ತಿರುವ ಮುದುಕ ಎಲ್ಲ ಕಾಣುತ್ತದೆ. ನಮ್ಮ ಬಸವೇಶ್ವರನಗರದಲ್ಲಿ ಮೊದಲು ಗ್ರಿಲ್ ಹಾಕಿಸಿ, ಅದರ ಹಿಂದೆ ಸೊಳ್ಳೆ ಪರದೆ, ಅದರ ಹಿಂದೆ ಬಟ್ಟೆಯ ಪರದೆ, ಆಮೇಲೆ ಕಿಟಕಿ ತೆಗೆಯುವುದಿಲ್ಲ.

“ಇಷ್ಟು ತೋರಿಸ್ತಾರೆ ಅಂದ್ರೆ ಏನೋ ಮುಚ್ಚಿಡ್ತಾ ಇರ್ಬೇಕು,” ಎಂದೆ.

“ಇಲ್ಲ ಅಂಕಲ್, ಮುಚ್ಚಿಡೋದು ಏನೂ ಇಲ್ಲ ಅಂತ ತೋರಿಸೋಕೇ ಹಂಗೆ ಬಿಡ್ತಾರಂತೆ.”

“ಅದನ್ನ ತೋರಿಸೋ ಅವಶ್ಯಕತೆ ಏನಿತ್ತು?”

ಅಕ್ಕ ನಕ್ಕಳು. “ಮಂಜು, ಇವನನ್ನ ಬಿಡೇ. ಮದುವೆ ಮನೇಲಿ ಪಾಯಸ ಬಡಿಸಿದ್ರೆ ಬೆಳಕಿಗೆ ಹಿಡಿದು ನೋಡ್ದೋನು.”

ಅದೂ ನಿಜ. ಪಾಯಸದಲ್ಲಿ ಕೂದಲಿತ್ತು.

ಬಾಗಿಲಲ್ಲಿ

ಮರುದಿನ ಮಂಜುಳಾಗೆ ಡ್ಯೂಟಿ. ನಾವಿಬ್ಬರೇ ಟ್ರಾಮಿನಲ್ಲಿ ಸಂಗ್ರಹಾಲಯಕ್ಕೆ ಹೋದೆವು. ಬಾಗಿಲಲ್ಲಿ ಚೀಲ ತೆಗೆದು ನೋಡುವ ಪದ್ಧತಿ. ನನ್ನ ಜೇಬಿನಲ್ಲಿದ್ದ ಸಣ್ಣ ಭೂತಗನ್ನಡಿಯನ್ನು ಕಾವಲಿನವನು ತಿರುಗಿಸಿ ತಿರುಗಿಸಿ ನೋಡಿ, ಏಕೆ ಎಂದ. ನೋಡುವುದಕ್ಕೆ ಎಂದೆ. ವಾಪಸ್ ಕೊಟ್ಟ.

ಅಕ್ಕನ ಕೈಚೀಲದಲ್ಲಿ ಹಿತ್ತಾಳೆಯ ಪುಟ್ಟ ಕುಂಕುಮದ ಭರಣಿ ಇತ್ತು. ಅವನು ಅದರ ಮುಚ್ಚಳ ತಿರುಗಿಸಿದ. ಒಳಗಿನ ಕೆಂಪು ಪುಡಿ ನೋಡಿ ಅವನ ಮುಖ ಗಟ್ಟಿಯಾಯಿತು. ಏನಿದು ಎಂದ. ಇಂಗ್ಲಿಷಿನಲ್ಲಿ ವಿವರಿಸುವುದರ ಬದಲು ಅಕ್ಕ ಬಲಗೈಯ ಉಂಗುರ ಬೆರಳನ್ನು ಭರಣಿಯಲ್ಲಿ ಅದ್ದಿ, ಹಣೆಯಲ್ಲಿದ್ದ ಕುಂಕುಮದ ಮೇಲೆ ಇನ್ನೊಮ್ಮೆ ಒತ್ತಿ ತೋರಿಸಿದಳು. “ಹಿಂಗೆ,” ಎಂದಳು, ಕನ್ನಡದಲ್ಲೇ. ಅವನು ನಕ್ಕು ಮುಚ್ಚಳ ಹಾಕಿದ.

ಕೈಚೀಲ, ಭರಣಿ ಎರಡನ್ನೂ ಬಂದವರಿಗೆಂದು ಅಲ್ಲಿಟ್ಟಿದ್ದ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಅಕ್ಕ ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡಳು. ಒರೆಸಿಕೊಂಡದ್ದನ್ನು ನಾನು ನೋಡಿದೆ. ಬಣ್ಣ ಪೂರ್ತಿ ಹೋಯಿತೋ ಇಲ್ಲವೋ, ನೋಡಲಿಲ್ಲ.

ಚೆಲ್ಲೋ ಮೇಷ್ಟ್ರು, ಮೋಡದ ಮೇಷ್ಟ್ರು

ಮೊದಲ ದೊಡ್ಡ ಕೋಣೆಯಲ್ಲಿ ಚೆಲ್ಲೋ ಮೇಷ್ಟ್ರ ಚಿತ್ರ. ಗೋಡೆಯಷ್ಟೇ ಅಗಲದ ಬಟ್ಟೆಯ ಮೇಲೆ ಕಪ್ಪು, ಬಿಳಿ, ಬೂದು ಬಣ್ಣಗಳನ್ನು ಡಬ್ಬಿಯಿಂದ ಚೆಲ್ಲಿ, ಕಡ್ಡಿಯಿಂದ ಇಳಿಬಿಟ್ಟು ಮಾಡಿದ್ದು. ಇದನ್ನು ನಾನು ಮೊದಲೇ ನೋಡಿದ್ದೇನೆ ಅನ್ನಿಸಿತು. ನಮ್ಮ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಜಾಗದ ನೆಲಕ್ಕೆ ರಟ್ಟು ಹಾಸುತ್ತಿದ್ದೆವು. ವಾರವಿಡೀ ಅದರ ಮೇಲೆ ಬಣ್ಣ ಸಿಡಿದು ಹೀಗೇ ಆಗುತ್ತಿತ್ತು. ಶನಿವಾರ ಎಸೆಯುವುದು. ಅಕ್ಕ ಆ ರಟ್ಟುಗಳನ್ನು ಕೇಳಿ ತರಿಸಿಕೊಳ್ಳುತ್ತಿದ್ದಳು, ಮಕ್ಕಳಿಗೆ ತೋರಿಸಲು. ನಾನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗಿ ಕೊಡುತ್ತಿದ್ದೆ.

“ನಮ್ ರಟ್ಟು ಇದಕ್ಕಿಂತ ಚೆನ್ನಾಗಿತ್ತು,” ಎಂದೆ.

“ಹೌದಾ? ಅಂಚು ನೋಡು.”

ನೋಡಿದೆ. ನಮ್ಮ ರಟ್ಟಿನಲ್ಲಿ ಗೆರೆಗಳು ಅಂಚನ್ನು ದಾಟಿ ಹೊರಗೆ ಹೋಗುತ್ತಿದ್ದವು. ರಟ್ಟು ಎಲ್ಲಿ ಮುಗಿಯುತ್ತದೆಂದು ಬಣ್ಣಕ್ಕೆ ಗೊತ್ತಿರಲಿಲ್ಲ. ಇಲ್ಲಿ ಅಂಚಿನ ಹತ್ತಿರ ಬಂದ ಗೆರೆಗಳಲ್ಲಿ ಹೆಚ್ಚಿನವು ತಿರುಗಿ ಒಳಗೆ ಹೋಗಿದ್ದವು. ಚೆಲ್ಲಿದವನ ಕೈಗೆ ಅಂಚು ಗೊತ್ತಿತ್ತು. ಇದು ಅಕಸ್ಮಾತ್ತಲ್ಲ. ನಾನು ಸ್ವಲ್ಪ ಹಿಂದೆ ಸರಿದೆ. ಮೋಸ ಎನ್ನಲು ಬೇಕಾದ ಆಧಾರ ಒಂದು ಕಡಿಮೆಯಾಯಿತು.

ಜನರನ್ನೂ ಗಮನಿಸಿದೆ. ಹೆಚ್ಚಿನವರು ಚಿತ್ರಕ್ಕಿಂತ ಪಕ್ಕದ ಚೀಟಿಯನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಚೀಟಿ ಓದಿ, ತಲೆಯಾಡಿಸಿ, ಚಿತ್ರ ಅದರಂತೆಯೇ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ.

ಮುಂದಿನ ಕೋಣೆಯಲ್ಲಿ ಮೋಡದ ಮೇಷ್ಟ್ರು. ಬಾಗಿಲಿನಷ್ಟು ದೊಡ್ಡ ಬಟ್ಟೆಯ ಮೇಲೆ ಎರಡೇ ಆಕಾರ: ಮೇಲೆ ಕಂದು ಕೆಂಪು, ಕೆಳಗೆ ಕಪ್ಪಿನಂಥದ್ದು, ಎರಡರ ಅಂಚೂ ಹೊಗೆಯಂತೆ ಕರಗಿದೆ. ಅದರ ಎದುರು ಬೆಂಚಿನ ಮೇಲೆ ಒಬ್ಬ ಮುದುಕ ಕೋಟಿನೊಳಗೆ ಕೈಯಿಟ್ಟು ಕೂತಿದ್ದ. ಬಹಳ ಹೊತ್ತಾದರೂ ಕದಲಲಿಲ್ಲ. ಕೋಟಿನೊಳಗೆ ಏನಿದೆ ಎಂದು ನಾನು ಅವನನ್ನೇ ನೋಡುತ್ತಾ ನಿಂತೆ. ಕೊನೆಗೆ ಅವನು ಕೈ ತೆಗೆದ. ಕರ್ಚೀಫು. ಕಣ್ಣೊರೆಸಿಕೊಂಡು ಎದ್ದು ಹೋದ.

“ಚಿತ್ರ ನೋಡೋಕ್ ಬಂದ್ಯೋ, ಜನನ ಹಿಡಿಯೋಕ್ ಬಂದ್ಯೋ?” ಅಂದಳು ಅಕ್ಕ.

ಆ ಮುದುಕ ಕೂತಿದ್ದ ಜಾಗದಲ್ಲಿ ನಾನೂ ಕೂತೆ. ಮೊದಲು ಕಪ್ಪು ಎಂದುಕೊಂಡದ್ದು ಕಪ್ಪಾಗಿರಲಿಲ್ಲ. ಅದರೊಳಗೆ ನೇರಳೆ ಇತ್ತು, ಅದರ ಕೆಳಗೆ ಇನ್ನೊಂದು ಕೆಂಪು. ಒಂದರ ಮೇಲೊಂದು ತೆಳುವಾಗಿ ಅದೆಷ್ಟು ಪದರ ಬಳಿದಿದ್ದನೋ. ನಮ್ಮ ಯಾವ ಶೇಡ್ ಕಾರ್ಡಿನಲ್ಲೂ ಆ ಬಣ್ಣವಿಲ್ಲ. ಹೆಸರಿಡಲಾಗದೆ ನನಗೆ ಒಂದು ಬಗೆಯ ದಿಗಿಲಾಯಿತು. ಎದ್ದುಬಿಟ್ಟೆ.

ಬಿಳಿ ಕೋಣೆ

ಮೇಲಿನ ಮಹಡಿಯ ಬಿಳಿ ಕೋಣೆಯಲ್ಲಿ ಅದು ಇತ್ತು.

ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಎರಡು ಕೈ ಚಾಚಿದರೆ ಹಿಡಿಯಬಹುದಾದಷ್ಟು. ಗಾಜು ಹಾಕಿರಲಿಲ್ಲ. ಗೋಡೆಯಿಂದ ಒಂದು ಹೆಜ್ಜೆ ದೂರದಲ್ಲಿ, ನೆಲದ ಮೇಲೆ ಬೂದು ಬಣ್ಣದ ಗೆರೆ; ಅದನ್ನು ದಾಟಬಾರದು, ದಾಟಿದರೆ ಅಲಾರಂ ಕೂಗುತ್ತದೆ. ಕೋಣೆಯಲ್ಲಿ ನಾವಿಬ್ಬರು, ಮತ್ತು ದೂರದ ಬಾಗಿಲ ಬಳಿ ನರೆಗೂದಲಿನ ಎತ್ತರದ ಒಬ್ಬ ಕಾವಲಿನ ಹೆಂಗಸು.

ಅಕ್ಕ ಚಿತ್ರದ ನೇರ ಮುಂದೆ ನಿಂತಳು. ಕೆಂಪು ಇಟ್ಟಿಗೆಯ ಬಣ್ಣವಲ್ಲ ಎಂದು ಇಷ್ಟು ವರ್ಷಗಳ ಮೇಲೆ ಅವಳಿಗೆ ಗೊತ್ತಾಗುತ್ತಿತ್ತು. ಅದು ಹಣ್ಣಾದ ಮೆಣಸಿನಕಾಯಿಯ ಕೆಂಪು.

ನಾನು ಅವಳ ಎಡಕ್ಕೆ ಮೂರು ಹೆಜ್ಜೆ ದೂರದಲ್ಲಿ ನಿಂತು ನನ್ನ ಅಭ್ಯಾಸದಂತೆ ಮೇಲಿನ ಎಡ ಮೂಲೆಯಿಂದ ಶುರುಮಾಡಿದೆ. ಇದು ಯಂತ್ರ ಮಾಡಿದಂಥ ಚಿತ್ರ ಎಂದು ನಂಬಿದ್ದೆ. ಅಲ್ಲ. ಒಂದು ಕಪ್ಪು ಗೆರೆ ಅಂಚನ್ನು ಮುಟ್ಟುವ ಮೊದಲೇ ನಿಂತಿತ್ತು. ಉಗುರಿನಗಲ ಬಿಳಿ ಉಳಿದಿತ್ತು. ಬಿಳಿ ಒಂದೇ ಬಿಳಿಯಲ್ಲ. ಒಂದು ಅಂಕಣದಲ್ಲಿ ಕುಂಚ ಅಡ್ಡಡ್ಡ ಓಡಿತ್ತು, ಪಕ್ಕದ್ದರಲ್ಲಿ ಮೇಲಿನಿಂದ ಕೆಳಗೆ. ಇನ್ನೊಂದು ಕಡೆ ಬಿಳಿಯ ಕೆಳಗೆ ಒಂದು ಹಳೆಯ ಕಪ್ಪು ಗೆರೆ ಮಸುಕಾಗಿ ಕಾಣುತ್ತಿತ್ತು. ಗೆರೆಯನ್ನು ಮೊದಲು ಅಲ್ಲಿ ಎಳೆದು, ಸರಿಯಿಲ್ಲವೆಂದು ಮುಚ್ಚಿ, ಒಂದು ಬೆರಳಿನಷ್ಟು ಈಚೆಗೆ ತಂದಿದ್ದಾನೆ. ತನ್ನ ಕೆಲಸವನ್ನು ತಾನೇ ರಿಜೆಕ್ಟ್ ಮಾಡಿದ್ದಾನೆ. ಇಂಥವನು ಮೋಸಗಾರನಲ್ಲ. ನನ್ನ ಹಾಗೆಯೇ ಒಬ್ಬ ಇನ್‌ಸ್ಪೆಕ್ಟರ್.

ಮುಕ್ಕಾಲು ಭಾಗ ನೋಡಿ ಮುಗಿಸಿದ್ದೆ. ಕೆಳಗಿನ ಕಾಲುಭಾಗ ಬಾಕಿ ಇತ್ತು. ಭೂತಗನ್ನಡಿ ಬೇಕೆನಿಸಿ ತಲೆ ಬಗ್ಗಿಸಿ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಅದು ಕರ್ಚೀಫಿನಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸುತ್ತಿದ್ದೆ.

ಆಗ ಒಂದು ಸಣ್ಣ ಶಬ್ದ ಬಂತು. ಕೀ, ಕೀ ಎಂದು ಎರಡು ಸಲ.

ತಲೆಯೆತ್ತಿದೆ. ಅಕ್ಕನ ಬಲಗಾಲು ಬೂದು ಗೆರೆಯ ಒಳಗಿತ್ತು. ಬಲಗೈಯ ಬೆರಳುಗಳು ಅವಳ ಮುಚ್ಚಿದ ಕಣ್ಣುಗಳ ಮೇಲಿದ್ದವು.

ನಾನು ನೋಡಿದ್ದು ಇಷ್ಟೇ. ಆ ಕೈ ಅದಕ್ಕೆ ಮುಂಚೆ ಎಲ್ಲಿತ್ತು, ನೋಡಲಿಲ್ಲ.

ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ವಿಜಯನಗರದ ಅಂಗಡಿಯವರು ಬೆಳಿಗ್ಗೆ ಶಟರ್ ಎತ್ತಿದೊಡನೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಆಟೋದವರು ಮೊದಲ ಬಾಡಿಗೆಗೆ ಹೊರಡುವಾಗ ಹ್ಯಾಂಡಲ್ ಮುಟ್ಟಿಕೊಳ್ಳುತ್ತಾರೆ. ಕೈ ತಾನಾಗಿ ಹೋಗುತ್ತದೆ, ಯಾರೂ ಯೋಚಿಸಿ ಮಾಡುವುದಿಲ್ಲ. ಆದರೆ ಕಾವಲಿನ ಹೆಂಗಸಿಗೆ ಇದು ಗೊತ್ತಿರಲಿಲ್ಲ. ಅವಳು ಬೇಗಬೇಗ ಬಂದು ಅಕ್ಕನನ್ನು ಗೆರೆಯ ಈಚೆಗೆ ಸರಿಸಿ, ಚಿತ್ರವನ್ನು ಬಗ್ಗಿ ನೋಡಿದಳು. ನಿಂತುಬಿಟ್ಟಳು.

ಚಿತ್ರದ ಕೆಳ ಅಂಚಿನಿಂದ ನಾಲ್ಕು ಬೆರಳು ಮೇಲೆ, ಎಡ ಅಂಚಿನಿಂದ ಒಂದು ಗೇಣು ಒಳಗೆ, ಬಿಳಿಯ ಮೇಲೆ ಒಂದು ಕೆಂಪು ಚುಕ್ಕಿ ಇತ್ತು. ಸಾಸಿವೆ ಕಾಳಿನಷ್ಟು.

ಅವಳು ಅಕ್ಕನ ಹಣೆ ನೋಡಿದಳು. ಆಮೇಲೆ ಬೆರಳು ನೋಡಿದಳು. ಉಂಗುರ ಬೆರಳಿನ ತುದಿ ಇನ್ನೂ ಸ್ವಲ್ಪ ಕೆಂಪಾಗಿತ್ತು. ನಾನೂ ನೋಡಿದೆ.

ಕೆಳಗಿನ ಕಚೇರಿ

ನಮ್ಮನ್ನು ಕೆಳಮಹಡಿಯ ಒಂದು ಕಚೇರಿಯಲ್ಲಿ ಕೂರಿಸಿದರು. ನೀಲಿ ಕೋಟಿನ ತೆಳ್ಳಗಿನ ಒಬ್ಬ ಅಧಿಕಾರಿ. ದನಿ ಏರಿಸಲಿಲ್ಲ. ಮೂವರಿಗೂ ಕಾಫಿ ತರಿಸಿದ, ಪ್ರತಿ ಲೋಟಕ್ಕೆ ಒಂದೊಂದು ಬಿಸ್ಕತ್ತು. ಅಕ್ಕ ಕಾಫಿ ಮುಟ್ಟಲಿಲ್ಲ. ಚಿತ್ರಕ್ಕೆ ಹಾನಿಯಾಗಿದ್ದರೆ ಪೊಲೀಸರಿಗೆ ತಿಳಿಸುವುದು ನಿಯಮ ಎಂದು ಅವನು ಬಹಳ ಮರ್ಯಾದೆಯಿಂದ ಹೇಳಿದ. ನಮ್ಮಲ್ಲಾಗಿದ್ದರೆ ಕೂಗಾಡುತ್ತಿದ್ದರು, ನಾವೂ ಕೂಗಾಡಬಹುದಿತ್ತು. ಈ ಮೆಲುದನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಮಂಜುಳಾಗೆ ಫೋನ್ ಮಾಡಿದೆವು. ಅವಳು ಆಸ್ಪತ್ರೆಯ ಬಟ್ಟೆಯ ಮೇಲೇ ಕೋಟು ಹಾಕಿಕೊಂಡು ಓಡಿಬಂದಳು. “ಮಿಸ್, ಏನಾಯ್ತು ಮಿಸ್?”

“ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡೆ ಕಣೇ. ಚಿತ್ರ ಮುಟ್ಟಿಲ್ಲ. ಒದ್ದೆ ಬಣ್ಣ ಮುಟ್ಬೇಡಿ, ಒಣಗಿದ್ದನ್ನೂ ಮುಟ್ಬೇಡಿ ಅಂತ ಎಷ್ಟು ಮಕ್ಕಳಿಗೆ ಹೇಳಿಲ್ಲ ನಾನು? ನಿನಗೇ ಹೇಳಿಲ್ವಾ?”

“ಕೈ ಮೇಲೆ ಒಂದೇಟೂ ಕೊಟ್ಟಿದ್ರಿ ಮಿಸ್.”

ಮಂಜುಳಾ ಅಧಿಕಾರಿಗೆ ಅವರ ಭಾಷೆಯಲ್ಲಿ ಬಹಳ ಹೊತ್ತು ವಿವರಿಸಿದಳು. ತನ್ನ ಕೈಯಿಂದ ಮೇಜು ಮುಟ್ಟಿ ಕಣ್ಣಿಗೊತ್ತಿಕೊಂಡು ತೋರಿಸಿದಳು. ಅವನು ಕೇಳಿದ ಪ್ರಶ್ನೆಯನ್ನು ನಮಗೆ ಕನ್ನಡದಲ್ಲಿ ಹೇಳಿದಳು: ನಮಸ್ಕಾರ ಮಾಡಬೇಕಾದರೆ ಮುಟ್ಟಲೇಬೇಕೇ? ಹಾಗಾದರೆ ಗೋಡೆಗೆ ಏಕೆ ನಮಸ್ಕಾರ, ಚಿತ್ರಕ್ಕೆ ಏಕಲ್ಲ?

ಅದು ಸರಿಯಾದ ಪ್ರಶ್ನೆ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಅವನು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ. “ನೀವು ಪಕ್ಕದಲ್ಲೇ ಇದ್ದಿರಿ. ಇವರು ಚಿತ್ರವನ್ನು ಮುಟ್ಟಿದರೇ?”

“ನಾನು ನೋಡಲಿಲ್ಲ,” ಎಂದೆ.

“ಆ ಚುಕ್ಕಿ ಮೊದಲು ಅಲ್ಲಿತ್ತೇ?”

“ಆ ಭಾಗವನ್ನು ನಾನಿನ್ನೂ ನೋಡಿರಲಿಲ್ಲ.”

ಅವನು ಬರೆದುಕೊಂಡ. ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

“ಏನೋ ಗಿರೀಶ ಇದು? ಮುಟ್ಟಿಲ್ಲ ಅಂತ ಒಂದು ಮಾತು ಹೇಳೋಕ್ಕಾಗಲ್ವೇನೋ?”

“ನೋಡಿಲ್ಲ ಅಕ್ಕ.”

“ನಾನು ಹೇಳ್ತಾ ಇದೀನಲ್ಲೋ!”

ಲೋಟದ ಅಂಚಿನಲ್ಲಿ ಒಂದು ಸಣ್ಣ ಬಿರುಕಿತ್ತು. ಅದನ್ನೇ ನೋಡುತ್ತಾ ಕೂತೆ.

ಅರ್ಧ ಗಂಟೆಯ ಮೇಲೆ ಇನ್ನೊಬ್ಬ ಹೆಂಗಸು ಬಂದಳು. ಚಿತ್ರಗಳಿಗೆ ಏನಾದರೂ ಆದರೆ ಸರಿಪಡಿಸುವವಳು. ಹಣೆಗೆ ದೀಪ ಕಟ್ಟಿಕೊಂಡಿದ್ದಳು. ಕೈಯಲ್ಲಿದ್ದ ಪರದೆಯಲ್ಲಿ ಚುಕ್ಕಿಯ ಫೋಟೋ ಅಂಗೈಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅವಳು ಅಧಿಕಾರಿಗೆ ಏನನ್ನೋ ಹೇಳುವ ಮೊದಲೇ ನಾನು ಎದ್ದು, ನನಗೂ ತೋರಿಸಿ ಎಂದೆ.

ಮೇಲಿನ ಎಡ ಮೂಲೆಯಿಂದ ಶುರುಮಾಡಿದೆ. ಹಳೆಯ ಬಿಳಿ ಬಣ್ಣದಲ್ಲಿ ಕೂದಲಿನಂಥ ಬಿರುಕುಗಳಿದ್ದವು. ಒಂದು ಬಿರುಕು ಬಿಳಿಯಲ್ಲಿ ಓಡಿಬಂದು, ಕೆಂಪು ಚುಕ್ಕಿಯನ್ನೂ ಎರಡಾಗಿ ಸೀಳಿ, ಆ ಕಡೆಯ ಬಿಳಿಯಲ್ಲಿ ಮುಂದುವರಿದಿತ್ತು. ಕುಂಕುಮದ ಪುಡಿಯಾಗಿದ್ದರೆ ಬಿರುಕಿನೊಳಗೆ ಇಳಿದು ಕೂತಿರಬೇಕಿತ್ತು. ಬಿರುಕು ಶುಭ್ರವಾಗಿತ್ತು. ಕಾರ್ಖಾನೆಯಲ್ಲಿ ದಿನವೂ ನೋಡುತ್ತಿದ್ದದ್ದು ಇದನ್ನೇ: ಕಸ ಬಣ್ಣದ ಮೇಲೆ ಕೂತಿದೆಯೋ, ಬಣ್ಣದ ಜೊತೆಗೇ ಒಣಗಿದೆಯೋ.

“ಇದು ಹಳೆಯದು,” ಎಂದೆ. “ಬಣ್ಣ ಬಿರುಕು ಬಿಡುವ ಮೊದಲೇ ಇತ್ತು. ಇದು ಕುಂಕುಮವಲ್ಲ.”

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದಳು. ಅವಳಿಗೂ ಅದೇ ಕಂಡಿತ್ತು. ಹಳೆಯ ಕಡತದ ಫೋಟೋದಲ್ಲೂ ಚುಕ್ಕಿ ಇದೆಯಂತೆ. ಚಿತ್ರಕಾರನ ಕುಂಚದಿಂದಲೇ ಸಿಡಿದದ್ದು. ಬಾಗಿಲ ಬಳಿ ನಿಂತು ನೋಡುವ ಕಾವಲಿನವರ ಕಣ್ಣಿಗೆ ಅದು ಈವರೆಗೆ ಬಿದ್ದಿರಲಿಲ್ಲ, ಅಷ್ಟೇ.

ಆಮೇಲೆ ಅವಳು ಬೆರಳಾಡಿಸಿ ಇನ್ನೊಂದು ಫೋಟೋ ತೋರಿಸಿದಳು. ಚಿತ್ರದ ಚೌಕಟ್ಟಿನಿಂದ ಒಂದು ಗೇಣು ಕೆಳಗೆ, ಬರೀ ಗೋಡೆ. ಅದರ ಮೇಲೆ ಬೆರಳ ತುದಿಯ ಆಕಾರದಲ್ಲಿ ತೆಳುವಾದ ಕೆಂಪು ಗುರುತು.

“ಇದು ಹೊಸದು,” ಎಂದಳು.

“ಅದೇ ಗೋಡೆ,” ಎಂದಳು ಅಕ್ಕ ಕನ್ನಡದಲ್ಲಿ, ಯಾರನ್ನೂ ನೋಡದೆ.

ಅಧಿಕಾರಿ ಎದ್ದು ನಿಂತು ಕ್ಷಮೆ ಕೇಳಿದ. ಗೆರೆ ದಾಟಿದ್ದು ತನ್ನ ತಪ್ಪು ಎಂದು ಅಕ್ಕನೂ ಕ್ಷಮೆ ಕೇಳಿದಳು. ನಾನು ಮಾತ್ರ ಯಾರಲ್ಲೂ ಕೇಳಲಿಲ್ಲ. ಏನೆಂದು ಕೇಳಬೇಕೆಂದು ಗೊತ್ತಾಗಲಿಲ್ಲ.

ಟ್ರಾಮ್

ವಾಪಸ್ ಬರುವಾಗ ಮಂಜುಳಾ ನಮ್ಮಿಬ್ಬರ ನಡುವೆ ಕೂತಳು. ಎರಡು ನಿಲ್ದಾಣ ಕಳೆಯಿತು.

“ಬಣ್ಣ ಹೇಳಿದ್ದನ್ನ ನಂಬ್ತಾನೆ,” ಎಂದಳು ಅಕ್ಕ ಅವಳಿಗೆ. “ಅಕ್ಕ ಹೇಳಿದ್ದನ್ನ ನಂಬಲ್ಲ.”

“ಮಿಸ್, ಅಂಕಲ್ ಸುಳ್ಳು ಹೇಳೋಕ್ಕಾಗುತ್ತಾ, ಪಾಪ.”

“ಸುಳ್ಳು ಹೇಳು ಅಂದ್ನಾ ನಾನು? ನಂಬು ಅಂದೆ.”

ನಾನು ಕಿಟಕಿಯಾಚೆ ನೋಡಿದೆ. ಪರದೆಯಿಲ್ಲದ ಮನೆಗಳು ಒಂದೊಂದಾಗಿ ಹಿಂದೆ ಹೋದವು. ನೋಡಿಲ್ಲ ಎಂದು ನಾನು ಹೇಳಿದ್ದು ಸರಿ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅದರ ಜೊತೆಗೆ ಇನ್ನೊಂದು ವಾಕ್ಯ ಹೇಳಬಹುದಿತ್ತು: ನಾನು ನೋಡಿಲ್ಲ, ಆದರೆ ಇವರು ಸುಳ್ಳು ಹೇಳುವವರಲ್ಲ. ಅದೂ ನಿಜವೇ. ಅರವತ್ತು ವರ್ಷ ನೋಡಿ ತಿಳಿದ ನಿಜ. ಅದು ನನಗೆ ಹೊಳೆಯಲೇ ಇಲ್ಲ. ಹೊಳೆಯದೆ ಇದ್ದದ್ದಕ್ಕೆ ಕಾರಣ ಸ್ವಭಾವವೋ ಅನುಮಾನವೋ ಎಂದು ಯೋಚಿಸಿದೆ. ಅನುಮಾನವೇ.

ಎರಡು ದಿನ ಅಕ್ಕ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. “ಮಂಜು, ಅವನಿಗೆ ಮೊಸರು ಬೇಕಾ ಕೇಳು,” ಎನ್ನುತ್ತಿದ್ದಳು. ನಾನು ಎದುರಿಗೇ ಕೂತಿರುತ್ತಿದ್ದೆ. ಬೇಕು ಎಂದು ಮಂಜುಳಾಗೆ ಹೇಳುತ್ತಿದ್ದೆ.

ಕೊನೆಯ ದಿನ

ಹೊರಡುವ ದಿನ ಬೆಳಿಗ್ಗೆ ಅಕ್ಕ ಸೀರೆಯುಟ್ಟು ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿಗೆ ಹೇಳುವವಳಂತೆ, “ನಾನು ಇನ್ನೊಂದ್ಸಲ ನೋಡಿ ಬರ್ತೀನಿ. ಬರೋರು ಬರ್ಬೋದು,” ಎಂದಳು. ನಾನು ಹಿಂದೆ ಹೋದೆ. ಭೂತಗನ್ನಡಿಯನ್ನು ಮನೆಯಲ್ಲೇ ಬಿಟ್ಟೆ. ಅವಳು ಭರಣಿಯನ್ನು ಬಿಟ್ಟಿದ್ದಳು.

ಬಿಳಿ ಕೋಣೆಯಲ್ಲಿ ಅದೇ ನರೆಗೂದಲಿನ ಹೆಂಗಸು. ನಮ್ಮನ್ನು ಗುರುತಿಸಿ ತಲೆಬಾಗಿಸಿದಳು. ಆದರೆ ಬಾಗಿಲು ಬಿಟ್ಟು ನಾಲ್ಕು ಹೆಜ್ಜೆ ಹತ್ತಿರ ಬಂದು ನಿಂತಳು. ಅವಳನ್ನು ನಾನು ತಪ್ಪು ಎನ್ನಲಾರೆ. ಅಕ್ಕ ಬೂದು ಗೆರೆಯ ಈಚೆ, ಶಾಲೆಯ ಮಕ್ಕಳಂತೆ ಕೈಕಟ್ಟಿ ನಿಂತಳು.

ನಾನು ಬಾಕಿಯಿದ್ದ ಕಾಲುಭಾಗವನ್ನು ನೋಡಿ ಮುಗಿಸಿದೆ. ಕೆಂಪು ಚುಕ್ಕಿ ಇದ್ದಲ್ಲೇ ಇತ್ತು. ಒಂದು ಬೆರಳಿನ ಅಂತರಕ್ಕಾಗಿ ಇಡೀ ಗೆರೆಯನ್ನು ಅಳಿಸಿ ಬಳಿದ ಮನುಷ್ಯನ ಕಣ್ಣಿಗೆ ಆ ಚುಕ್ಕಿ ಬೀಳದೆ ಇರಲು ಸಾಧ್ಯವಿಲ್ಲ. ನೋಡಿದ್ದಾನೆ. ನೋಡಿ ಪಾಸ್ ಮಾಡಿದ್ದಾನೆ.

ಆಮೇಲೆ ಗೋಡೆ ನೋಡಿದೆ. ಬೆರಳಿನ ಗುರುತಿಗೆ ಬಿಳಿ ಬಣ್ಣ ಹಚ್ಚಿದ್ದರು. ಅಂಗೈಯಗಲದ ತೇಪೆ. ಬೇರೆಯವರಿಗೆ ಕಾಣುತ್ತಿರಲಿಲ್ಲ, ನನಗೆ ಕಂಡಿತು. ಹೊಸ ಬಿಳಿಯಲ್ಲಿ ಒಂದು ಎಳೆ ನೀಲಿ ಹೆಚ್ಚಿತ್ತು.

“ಅಕ್ಕ,” ಎಂದೆ. “ಗೋಡೆ ನೋಡು. ಚಿತ್ರದ ಕೆಳಗೆ.”

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಬಹಳ ಹೊತ್ತಿನ ಮೇಲೆ, “ಮ್ಯಾಚ್ ಆಗಿಲ್ಲ,” ಎಂದಳು. ನನಗೇ ಹೇಳಿದಳು.

“ನಮ್ಮಲ್ಲಾಗಿದ್ರೆ ರಿಜೆಕ್ಟ್.”

ಅವಳ ತುಟಿಯ ತುದಿ ಸ್ವಲ್ಪ ಮೇಲಕ್ಕೆ ಹೋಯಿತು.

“ಆವತ್ತು ನಾನು ಹೇಳ್ಬೇಕಿತ್ತು ಅಕ್ಕ,” ಎಂದೆ. “ನೋಡಿಲ್ಲ, ಆದ್ರೆ ನಮ್ಮಕ್ಕ ಸುಳ್ಳು ಹೇಳಲ್ಲ ಅಂತ.”

ಅಕ್ಕ ಕಟ್ಟಿದ ಕೈ ಬಿಡಿಸಿದಳು. ಕಾವಲಿನ ಹೆಂಗಸು ಒಂದು ಹೆಜ್ಜೆ ಮುಂದೆ ಬಂದಳು. ಅಕ್ಕ ಮೊಣಕಾಲಿನ ಮೇಲೆ ಒಂದು ಕೈಯಿಟ್ಟು, ನಿಧಾನವಾಗಿ ಬಗ್ಗಿ, ಬೂದು ಗೆರೆಯ ಈಚೆಗೆ ನೆಲವನ್ನು ಮುಟ್ಟಿ, ಎದ್ದು, ಬೆರಳುಗಳ ತುದಿಯನ್ನು ಎರಡೂ ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಈ ಸಲ ನೋಡಿದ್ಯೇನೋ?”

“ನೋಡ್ದೆ ಅಕ್ಕ. ಬಲಗೈ. ನೆಲ ಮುಟ್ಟಿದೆ, ಗೆರೆಯಿಂದ ಎರಡು ಬೆರಳು ಈಚೆಗೆ. ಚಿತ್ರ ಮುಟ್ಟಿಲ್ಲ.”

“ಬರ್ಕೋ,” ಎಂದಳು.

ಬರೆದಿದ್ದೇನೆ.